ಕೂಡಿಸುವ ಮೊದಲು

ಕೆಮ್ಮಣ್ಣುಗುಂಡಿಯಿಂದ ಇಳಿದು ಹೆಬ್ಬೆಯ ಅಬ್ಬಿಯ ಬುಡಕ್ಕೆ ಬಂದು ನಿಂತವರಿಗೆ ಕಾಣುವುದು ಒಂದೇ ಗುಡ್ಡ, ಒಂದೇ ಕಾಡು. ಕಾಗದದ ಮೇಲೆ ಮಾತ್ರ ಈ ನೆಲ ಹಲವು. 1974ರಲ್ಲಿ ಘೋಷಣೆಯಾದ ಭದ್ರಾ ಅಭಯಾರಣ್ಯದ ಪಟ್ಟಿಯಲ್ಲಿ ಅದು ಇದೆ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಪ್ರದೇಶದ ಪಟ್ಟಿಯಲ್ಲಿಯೂ ಇದೆ. ಉಪಗ್ರಹ ಚಿತ್ರಗಳಿಂದ ಸಿದ್ಧವಾಗುವ ಅರಣ್ಯ ಹೊದಿಕೆಯ ಲೆಕ್ಕದಲ್ಲಿಯೂ ಇದೆ. ಅಭಯಾರಣ್ಯದ ವಿಸ್ತೀರ್ಣ ಸುಮಾರು 492 ಚದರ ಕಿಲೋಮೀಟರು. ಹುಲಿ ಸಂರಕ್ಷಿತ ಪ್ರದೇಶದ ಒಳವಲಯವೂ ಅದೇ ನೆಲ. ಎರಡನ್ನೂ ಕೂಡಿಸಿ 984 ಎಂದು ಬರೆದರೆ ಕೂಡುವ ಲೆಕ್ಕ ಸರಿಯಾಗಿರುತ್ತದೆ, ಉತ್ತರ ಮಾತ್ರ ಸುಳ್ಳಾಗಿರುತ್ತದೆ.

ಇಷ್ಟು ಬಯಲಾದ ತಪ್ಪನ್ನು ಯಾರು ಮಾಡುತ್ತಾರೆ ಎಂದು ಓದುಗರು ನಗಬಹುದು. ಆದರೆ ಪಟ್ಟಿಗಳು ಕಂಪ್ಯೂಟರಿನೊಳಗೆ ಸೇರಿ, ಗುಂಡಿ ಒತ್ತಿದೊಡನೆ ವರದಿ ಹೊರಬರುವ ಈ ಕಾಲದಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಮೂರು ಎಕರೆಯ ಒಂದು ಹಿಡುವಳಿಯನ್ನು ಊಹಿಸಿಕೊಳ್ಳೋಣ. ನೆರಳು ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುನಡುವೆ ಕಿತ್ತಳೆ. ಹಿಡುವಳಿಯ ಕೋಷ್ಟಕದಲ್ಲಿ ಇದಕ್ಕೆ ಒಂದು ಸಾಲು. ಬೆಳೆಯ ಕೋಷ್ಟಕದಲ್ಲಿ ಮೂರು ಸಾಲು. ಸರ್ವೆ ನಂಬರಿನ ಮೂಲಕ ಎರಡನ್ನೂ ಜೋಡಿಸಿದಾಗ ಮೂರು ಎಕರೆ ಎಂಬ ಅಂಕಿ ಪ್ರತಿ ಬೆಳೆಯ ಪಕ್ಕದಲ್ಲಿಯೂ ಬಂದು ಕೂರುತ್ತದೆ. ಕೂಡಿಸಿದರೆ ಒಂಬತ್ತು ಎಕರೆ! ಕಾಫಿಯ ಫಸಲನ್ನು ಈ ಒಂಬತ್ತರಿಂದ ಭಾಗಿಸಿದರೆ ಎಕರೆವಾರು ಇಳುವರಿ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಬೆಳೆಗಾರ ಸೋಮಾರಿ ಎಂಬ ತೀರ್ಮಾನಕ್ಕೆ ಇನ್ನೇನು ಬೇಕು?

ಕೃಷಿ ಅಂಕಿಅಂಶ ಶಾಸ್ತ್ರಕ್ಕೆ ಈ ಅಪಾಯ ಹೊಸದಲ್ಲ. ವರ್ಷದಲ್ಲಿ ಎರಡು ಬೆಳೆ ತೆಗೆದ ಗದ್ದೆಯನ್ನು ನಿವ್ವಳ ಬಿತ್ತನೆ ಪ್ರದೇಶದಲ್ಲಿ ಒಮ್ಮೆ, ಒಟ್ಟು ಬಿತ್ತನೆ ಪ್ರದೇಶದಲ್ಲಿ ಎರಡು ಸಲ ಎಣಿಸುವುದು ಹಳೆಯ ಕ್ರಮ. ಎರಡೂ ಅಂಕಿಗಳು ಸತ್ಯವೇ. ಯಾವುದು ಯಾವುದೆಂದು ಹೇಳದೆ ಬೆರೆಸಿದಾಗ ಸುಳ್ಳು ಹುಟ್ಟುತ್ತದೆ.

ಇದಕ್ಕಿಂತ ಕ್ರೂರವಾದದ್ದು ಇದರ ವಿರುದ್ಧದ ತಪ್ಪು. ಎರಡು ಕೋಷ್ಟಕಗಳಲ್ಲಿಯೂ ಇರುವ ಸಾಲುಗಳನ್ನಷ್ಟೇ ಉಳಿಸಿಕೊಂಡು ಜೋಡಿಸಿದರೆ, ಸರ್ವೆ ನಂಬರೇ ಇಲ್ಲದ ಭೂಹೀನ ಕುಟುಂಬ, ತೋಟದ ಲೈನ್ ಮನೆಯ ಕುಟುಂಬ, ವರದಿಯಿಂದಲೇ ಉದುರಿಹೋಗುತ್ತದೆ. ಸೊನ್ನೆ ಎಂದು ಬರೆದಿದ್ದರೆ ಯಾರಾದರೂ ಪ್ರಶ್ನಿಸಬಹುದಿತ್ತು; ಇಲ್ಲದ ಸಾಲನ್ನು ಪ್ರಶ್ನಿಸುವವರು ಯಾರು? 2001–02ರಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಇಂಥ ಯಾವುದೇ ಸ್ಥಳಾಂತರದಲ್ಲಿ ಕುಟುಂಬವೆಂದರೆ ಒಂದು ಒಲೆಯೋ, ಒಂದು ಪಡಿತರ ಚೀಟಿಯೋ, ಮದುವೆಯಾದ ಮಗ ಬೇರೆಯೋ ಎಂಬುದರ ಮೇಲೆಯೇ ಬದುಕು ನಿಂತಿರುತ್ತದೆ.

ನಮ್ಮ ಚಳವಳಿಯೂ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಭಾರತೀಯ ಅರಣ್ಯ ಸಮೀಕ್ಷೆಯು ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡ 10ಕ್ಕೆ ಕಡಿಮೆಯಿಲ್ಲದ ಮರಗಳ ನೆರಳಿರುವ ನೆಲವನ್ನೆಲ್ಲ, ಒಡೆಯ ಯಾರೇ ಇರಲಿ, ಅರಣ್ಯ ಹೊದಿಕೆ ಎನ್ನುತ್ತದೆ. ನೆರಳಿನ ಕಾಫಿ ತೋಟವೂ ಅದರಲ್ಲಿ ಸೇರುತ್ತದೆ. ಹೀಗಿರುವಾಗ ಅರಣ್ಯ ಹೊದಿಕೆಗೆ ಕಾಫಿಯ ವಿಸ್ತೀರ್ಣವನ್ನು ಕೂಡಿಸಿ ಜಿಲ್ಲೆಯ ಹಸಿರನ್ನು ಹಿಗ್ಗಿಸಿ ಹೇಳುವುದು ತಪ್ಪು. ಕಾಡುಮರಗಳು ಹೋಗಿ ಸಿಲ್ವರ್ ಓಕ್ ನಿಂತಾಗಲೂ ಆ ಅಂಕಿ ಕದಲದೆ ಉಳಿಯಬಹುದು ಎಂಬುದನ್ನು ಮರೆಯುವುದು ಇನ್ನೂ ದೊಡ್ಡ ತಪ್ಪು. 2024ರ ಜುಲೈ ಕರಡು ಅಧಿಸೂಚನೆ ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸೂಚಿಸಿತು. ಅದನ್ನು ಒಪ್ಪುವವರೂ ವಿರೋಧಿಸುವವರೂ ಈ ಎಚ್ಚರವಿಲ್ಲದೆ ವಾದಿಸಿದರೆ ಸೋಲುವುದು ಮಲೆನಾಡೇ.

ಆದ್ದರಿಂದ ಗ್ರಾಮಸಭೆಯಲ್ಲಿ ಯಾವ ವರದಿ ಓದಿದರೂ ಮೂರು ಪ್ರಶ್ನೆ ಕೇಳೋಣ: ಇಲ್ಲಿ ಒಂದು ಸಾಲು ಎಂದರೆ ಏನು? ಈ ನೆಲ ಇನ್ನೊಂದು ಪಟ್ಟಿಯಲ್ಲಿಯೂ ಇದೆಯೇ? ಯಾರ ಸಾಲು ಬಿಟ್ಟುಹೋಗಿದೆ? ವಿದ್ಯಾರ್ಥಿ ಮಿತ್ರರು ಪ್ರತಿ ಕೋಷ್ಟಕವನ್ನು ಮೊದಲು ಬೇರೆಯಾಗಿ ಕೂಡಿ, ಸರ್ವೆ ನಂಬರಿಗೊಂದು ಮೊತ್ತ ಮಾಡಿಕೊಂಡು, ಆಮೇಲೆ ಜೋಡಿಸಲಿ. ಹತ್ತು ಮನೆಗಳ ಲೆಕ್ಕವನ್ನು ಕೈಯಲ್ಲಿ ಮಾಡಿ ತಾಳೆ ನೋಡಲಿ. ಗುಡ್ಡವನ್ನು ಒಂದೇ ಸಲ ಎಣಿಸೋಣ. ಮನೆಯನ್ನು ಒಂದನ್ನೂ ಬಿಡದಿರೋಣ.