ಕ್ಷೇಮವಿಲ್ಲದ ಯೋಗ

ಇಲ್ಲದುದನ್ನು ಗಳಿಸುವುದು ಯೋಗ. ಗಳಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಈ ಎರಡು ಶಬ್ದಗಳನ್ನು ಹಿಂದಿನವರು ಬಿಡಿಸದೆ ಒಂದೇ ಸಮಾಸವಾಗಿ ಉಚ್ಚರಿಸುತ್ತಿದ್ದರು. ಒಂದನ್ನು ಬಿಟ್ಟರೆ ಮತ್ತೊಂದು ನಿಲ್ಲಲಾರದೆಂಬುದೇ ಅದರ ತಾತ್ಪರ್ಯ. ಈ ಕಾಲದವರು ಅಭಿವೃದ್ಧಿಯೆಂದು ಕೊಂಡಾಡುವುದು ಬಹುಮಟ್ಟಿಗೆ ಯೋಗವನ್ನು ಮಾತ್ರ. ಕ್ಷೇಮದ ಲೆಕ್ಕವನ್ನು ಕೇಳಿದವರು ಪ್ರಗತಿವಿರೋಧಿಗಳೆನಿಸಿಕೊಳ್ಳುವರು. ಈ ಒಕ್ಕಣ್ಣಿನ ವಿಚಾರದ ಫಲವೇನೆಂಬುದನ್ನು ತಿಳಿಯಲಿಚ್ಛಿಸುವ ವಾಚಕರು ಮೆಕ್ಸಿಕೋ ದೇಶದ ಕೆರೇತಾರೊ ನಗರದ ಕಡೆಗೆ ದೃಷ್ಟಿಯನ್ನು ಹರಿಸಬಹುದು.

ಈ ನಗರವು ಆ ದೇಶದ ರಾಜಧಾನಿಗೆ ವಾಯವ್ಯದಲ್ಲಿ ಸುಮಾರು 200 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟಕ್ಕೆ 1,800 ಮೀಟರು ಮೇಲಾದ ಪ್ರಸ್ಥಭೂಮಿಯಲ್ಲಿರುವುದು. ಹೆಸರಿನ ಆದಿಯಲ್ಲಿ ಕನ್ನಡದ ಕಿವಿಗೆ ಕೆರೆ ಕೇಳಿಸಿದರೂ ಅದು ಮಳೆ ಕಡಿಮೆಯಾದ ಸೀಮೆ. ಅಲ್ಲಿಯ ಪೂರ್ವಿಕರು ಇದನ್ನು ಮರೆತವರಲ್ಲ. 1726ರಲ್ಲಿ ಮೊದಲಾಗಿ 1738ರಲ್ಲಿ ಮುಗಿದ ಕಲ್ಲಿನ ಮೇಲ್ಗಾಲುವೆಯೊಂದು 74 ಕಮಾನುಗಳ ಮೇಲೆ ಇಂದಿಗೂ ನಿಂತಿದೆ. ನೆರೆಯ ಕಣಿವೆಯ ಒರತೆಯ ನೀರನ್ನು ಊರಿಗೆ ತರುವುದಕ್ಕಾಗಿ ಹುವಾನ್ ಅಂಟೋನಿಯೊ ದೆ ಉರ್ರುತಿಯಾ ಎಂಬ ಶ್ರೀಮಂತನು ಸ್ವಂತ ದ್ರವ್ಯಕ್ಕೆ ಊರವರ ವಂತಿಗೆಯನ್ನು ಕೂಡಿಸಿ ಇದನ್ನು ಕಟ್ಟಿಸಿದನು. ಬಾವಿ ಕೆರೆಗಳನ್ನು ಕಟ್ಟಿಸುವುದನ್ನು ಪೂರ್ತಧರ್ಮವೆಂದು ಎಣಿಸಿದ ಜನಕ್ಕೆ ಆತನ ಮನಸ್ಸು ಅಪರಿಚಿತವೆನಿಸದು.

ಇನ್ನೊಂದು ಕೀರ್ತಿಯೂ ಈ ನಗರಕ್ಕುಂಟು. ಮೆಕ್ಸಿಕೋದಲ್ಲಿ ಈಗಲೂ ನಡೆಯುತ್ತಿರುವ ರಾಜ್ಯಾಂಗವು ಇಲ್ಲಿಯ ಒಂದು ನಾಟಕಶಾಲೆಯಲ್ಲಿ ಚರ್ಚಿತವಾಗಿ 1917ನೆಯ ಫೆಬ್ರವರಿ 5ರಂದು ಘೋಷಿತವಾಯಿತು. ನೆಲವೂ ಜಲವೂ ಮೂಲತಃ ರಾಷ್ಟ್ರದ ಸ್ವತ್ತೆಂದು ಅದರ 27ನೆಯ ವಿಧಿಯು ಸಾರುವುದು. ಈ ಮಾತನ್ನು ಲೋಕಕ್ಕೆ ಹೇಳಿದ ಊರಿನಲ್ಲಿಯೇ ಈಗ ನೀರು ಯಾರದೆಂಬ ವ್ಯಾಜ್ಯ ಎದ್ದಿದೆ.

1985ರ ಭೂಕಂಪದ ತರುವಾಯ ರಾಜಧಾನಿಯಿಂದ ಅನೇಕ ಕುಟುಂಬಗಳು ಇಲ್ಲಿಗೆ ಬಂದುವು. 1994ರಲ್ಲಿ ಉತ್ತರ ಅಮೆರಿಕದ ವ್ಯಾಪಾರದ ಒಪ್ಪಂದವು ಜಾರಿಗೆ ಬಂದ ಮೇಲೆ ಹೆದ್ದಾರಿಯ ಇಕ್ಕೆಲಗಳಲ್ಲಿ ಕಾರ್ಖಾನೆಗಳು ಹೆಚ್ಚಿದುವು. 2006ರಲ್ಲಿ ಕೆನಡಾ ದೇಶದ ಬೊಂಬಾರ್ಡಿಯೇ ಕಂಪನಿಯು ವಿಮಾನದ ಭಾಗಗಳ ಕೆಲಸವನ್ನು ಇಲ್ಲಿ ಆರಂಭಿಸಿತು. ಮರುವರ್ಷ ವಿಮಾನವಿದ್ಯೆಗೆಂದೇ ಒಂದು ವಿಶ್ವವಿದ್ಯಾಲಯ ಹುಟ್ಟಿತು. 1990ರ ಜನಗಣತಿಯಲ್ಲಿ ನಗರಸಭೆಯ ಮೇರೆಯೊಳಗೆ 4,56,458 ಜನರಿದ್ದರು, 2020ರಲ್ಲಿ 10,49,777. ಒಂದು ತಲೆಮಾರಿನೊಳಗೆ ಊರು ಇಮ್ಮಡಿಗೂ ಮಿಕ್ಕಿ ಬೆಳೆಯಿತು. ನೆರೆಯ ಹಳ್ಳಿಗಳ ಸಾಮುದಾಯಿಕ ಜಮೀನುಗಳನ್ನು ಮಾರುವುದಕ್ಕೆ 1992ರ ತಿದ್ದುಪಡಿಯು ದಾರಿ ಮಾಡಿಕೊಟ್ಟಿತ್ತು. ಹೊಲಗಳಿದ್ದ ಕಡೆ ಗೋಡೆ ಸುತ್ತಿದ, ಕಾವಲುಗಾರರುಳ್ಳ ಬಡಾವಣೆಗಳೆದ್ದುವು. ಕೆಲವುಗಳಲ್ಲಿ ಗಾಲ್ಫ್ ಆಟದ ಹಸಿರು ಹುಲ್ಲೂ ಇರುವುದು.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಕಾರ್ಖಾನೆಗಳು ಬಡವರ ಮಕ್ಕಳಿಗೆ ಕೈಕಸುಬನ್ನೂ ತಿಂಗಳ ಸಂಬಳವನ್ನೂ ಕೊಟ್ಟಿಲ್ಲವೇ ಎನ್ನುವರು. ಕೊಟ್ಟಿವೆ. ವಿದ್ಯೆಯುಳ್ಳ ತರುಣನು ಉದ್ಯೋಗಕ್ಕಾಗಿ ದೇಶ ಬಿಡದೆ ತನ್ನ ಊರಿನಲ್ಲಿಯೇ ನಿಲ್ಲುವುದು ಅಲ್ಪ ಲಾಭವಲ್ಲ. ಅದನ್ನು ಹಳಿಯುವವರು ಹಸಿವನ್ನು ಕಾಣದವರು. ಆದರೆ ಆ ತರುಣನೂ ಕೆಲಸ ಮುಗಿಸಿ ಮನೆಗೆ ಬಂದು ನಲ್ಲಿಯನ್ನು ತಿರುಗಿಸಬೇಕಲ್ಲವೇ? ಆಗ ನೀರು ಬಾರದೆ ಹೋದರೆ, ಸಂಬಳದಲ್ಲಿ ಒಂದು ಭಾಗವನ್ನು ಟ್ಯಾಂಕರಿನವನಿಗೆ ತೆರಬೇಕಾದರೆ, ಗಳಿಸಿದುದೆಷ್ಟು, ಉಳಿದುದೆಷ್ಟು?

ನೀರು ಸಾಲದಿದ್ದರೆ ಇಂಜಿನಿಯರರು ದೂರದಿಂದ ತರುವರೆಂಬುದು ಎರಡನೆಯ ವಾದ. ತಂದದ್ದೂ ಆಯಿತು. ಕಣಿವೆಯ ಅಂತರ್ಜಲವನ್ನು ಮಳೆಯು ತುಂಬುವುದಕ್ಕಿಂತ ಹೆಚ್ಚಾಗಿ ಸೇದಿದ್ದರಿಂದ, 2011ರಲ್ಲಿ ನೂರು ಕಿಲೋಮೀಟರಿಗೂ ಆಚೆಯ ಮೊಕ್ತೆಸೂಮಾ ನದಿಯ ಕಣಿವೆಯಿಂದ ಎರಡನೆಯ ಜಲಮಾರ್ಗವನ್ನು ತೆರೆದರು. ಮೊದಲನೆಯದರಲ್ಲಿ ನೀರು ಇಳಿಜಾರನ್ನನುಸರಿಸಿ ತಾನಾಗಿ ಹರಿಯುತ್ತಿತ್ತು; ಎರಡನೆಯದರಲ್ಲಿ ಹಗಲಿರುಳು ವಿದ್ಯುಚ್ಛಕ್ತಿಯಿಂದ ಅದನ್ನು ಮೇಲೆತ್ತಬೇಕು. ಹಾಗಿದ್ದರೂ 2024ರ ಅನಾವೃಷ್ಟಿಯಲ್ಲಿ ಕೊರತೆ ತಪ್ಪಲಿಲ್ಲ. ಬಂದ ನೀರನ್ನು ನೆಚ್ಚಿ ಹೊಸ ಬಡಾವಣೆ, ಬಡಾವಣೆಗಾಗಿ ಮತ್ತೆ ಹೊಸ ನೀರು: ಹೀಗೆ ಬೀಜವೃಕ್ಷ ನ್ಯಾಯದಂತೆ ಈ ದಾಹಕ್ಕೆ ಕೊನೆಯಿಲ್ಲ. ನೂರು ಕಿಲೋಮೀಟರಿನಾಚೆಯ ನದಿಯೂ ಒಂದು ದಿನ ಸಾಲದು; ಆಮೇಲೆ ಯಾವ ಊರಿನ ಪಾಲಿಗೆ ಕೈ ಹಾಕುವುದು?

ಈ ಪ್ರಶ್ನೆ ಕಲ್ಪಿತವಲ್ಲ. ಅದೇ ರಾಜ್ಯದ ಅಮೆಯಾಲ್ಕೊ ಸೀಮೆಯ ಸಾಂತಿಯಾಗೊ ಮೆಸ್ಕಿಟಿಟ್ಲಾನಿನಲ್ಲಿ ಒಟೊಮಿ ಜನರು ತಮ್ಮ ಊರಿನ ಬಾವಿಯ ನೀರು ಹೊರಗೆ ಹೋಗುವುದನ್ನು ಕಂಡು 2021ರಲ್ಲಿ ಬಾವಿಯನ್ನೇ ತಮ್ಮ ವಶಕ್ಕೆ ತೆಗೆದುಕೊಂಡರು. ಮರುವರ್ಷ, ನೀರನ್ನೊದಗಿಸುವ ಕೆಲಸವನ್ನು ಖಾಸಗಿಯವರಿಗೆ ವಹಿಸಲು ಎಡೆಗೊಡುವ ಶಾಸನವನ್ನು ರಾಜ್ಯದ ಸಭೆಯು ಅಂಗೀಕರಿಸಿದಾಗ ಬೀದಿಗಳಲ್ಲಿ ಪ್ರತಿಭಟನೆ ನಡೆಯಿತು. ಇವರನ್ನು ಪ್ರಗತಿವಿರೋಧಿಗಳೆನ್ನುವವರು 27ನೆಯ ವಿಧಿಯನ್ನು ಮತ್ತೊಮ್ಮೆ ಓದಲಿ.

ಇತ್ತೀಚೆಗೆ ಗಣಕಯಂತ್ರಗಳ ಮಾಹಿತಿಯನ್ನು ಕೂಡಿಡುವ ಮಹಾಭವನಗಳೂ ಸೇರಿವೆ. ಮೈಕ್ರೋಸಾಫ್ಟ್ 2024ರಲ್ಲಿಯೂ ಅಮೆಜಾನ್ 2025ರ ಆರಂಭದಲ್ಲಿಯೂ ಇಂತಹ ವ್ಯವಸ್ಥೆಗಳನ್ನು ಇಲ್ಲಿ ತೆರೆದುವು. ಯಂತ್ರಗಳ ಕಾವನ್ನು ಆರಿಸುವುದಕ್ಕೆ ನೀರೋ ವಿದ್ಯುತ್ತೋ ಬೇಕೇ ಬೇಕು. ಹೊಸ ವಿಧಾನದಲ್ಲಿ ನೀರು ಹೆಚ್ಚು ಬೇಡವೆಂಬುದು ಇವುಗಳ ಪಕ್ಷದವರ ಉತ್ತರ. ಒಳ್ಳೆಯದು, ಹಾಗಾದರೆ ಒಂದೊಂದು ಭವನವೂ ವರ್ಷಕ್ಕೆ ಕೊಂಡ ನೀರಿನ ಲೆಕ್ಕವನ್ನು ತನ್ನ ಬಾಗಿಲಿನಲ್ಲಿಯೇ ತೂಗುಹಾಕಲಿ. ಸತ್ಯವು ತಮ್ಮ ಪಕ್ಷದಲ್ಲಿರುವವರಿಗೆ ಲೆಕ್ಕದಿಂದ ಭಯವಿಲ್ಲ.

ಕಾರ್ಖಾನೆಗಳನ್ನು ಮುಚ್ಚಬೇಕೆಂಬುದಾಗಲಿ, ಬಂದವರನ್ನು ಹಿಂದಕ್ಕಟ್ಟಬೇಕೆಂಬುದಾಗಲಿ ಇಲ್ಲಿಯ ಸಿದ್ಧಾಂತವಲ್ಲ. ಬೇಕಾದುದು ಒಂದು ನಿಯಮ: ಹೊಸ ಬಡಾವಣೆಗಾಗಲಿ ಯಂತ್ರಾಲಯಕ್ಕಾಗಲಿ ಅಪ್ಪಣೆ ಕೊಡುವ ಮೊದಲು, ಅದರ ನೀರು ಎಲ್ಲಿಂದ ಬರುವುದು, ಅದರಿಂದ ಯಾರ ಪಾಲು ಕಡಿಮೆಯಾಗುವುದು, ತೆಗೆದಷ್ಟು ನೆಲಕ್ಕೆ ಹೇಗೆ ಮರಳುವುದು ಎಂಬ ಮೂರನ್ನು ಜನರ ಮುಂದೆ ಬರೆದಿಡಬೇಕು. ಉತ್ತರವಿಲ್ಲದಿದ್ದರೆ ಅಪ್ಪಣೆಯೂ ಇರಕೂಡದು. ಕಮಾನುಗಳನ್ನು ಪ್ರವಾಸಿಗಳಿಗೆ ತೋರಿಸಿ ಹೆಮ್ಮೆಪಡುವ ಪೌರರು ಅದನ್ನು ಕಟ್ಟಿಸಿದವನ ಬುದ್ಧಿಯನ್ನೂ ಉಳಿಸಿಕೊಳ್ಳಬೇಕು. ಆತನು ನೀರನ್ನು ತಂದದ್ದು ಆಗಲೇ ಅಲ್ಲಿದ್ದ ಜನರ ಬಾಯಾರಿಕೆಗಾಗಿ. ಈಗಿನವರು ಕರೆಯುತ್ತಿರುವುದು ಇನ್ನೂ ದೊರೆಯದ ನೀರನ್ನು ನಂಬಿದ ಜನರನ್ನು.