ಬೇಲೂರಿಗೆ ಮುನ್ನ ಬಳ್ಳಿಗಾವೆ

ಇಬ್ಬನಿ ಬೀಳುವ ದಿನಗಳು ಬಂದುವೆಂದರೆ ಶಾಲೆಯಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು. ಇಲ್ಲವಾದರೆ ಜೋಗ, ಇಕ್ಕೇರಿ, ಕೆಳದಿ. ಬಹುಕಾಲದಿಂದ ನಮ್ಮ ಪ್ರವಾಸದ ದಾರಿ ಇದೇ. ಈ ಸ್ಥಳಗಳು ನೋಡತಕ್ಕವಲ್ಲವೆಂದು ನಾನು ಹೇಳುವವನಲ್ಲ. ಆದರೆ ಈ ದಾರಿಯ ಕ್ರಮವನ್ನು ಕುರಿತು ಒಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳೊಡನೆ ಬೇಲೂರಿಗೆ ಹೋಗಿದ್ದೆ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಮಾರ್ಗದರ್ಶಿಯು ಮದನಿಕೆಯರನ್ನು ತೋರಿಸುತ್ತ, ಇವುಗಳಲ್ಲಿ ಹಲವನ್ನು ಕಡೆದವರು ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಪೀಠದ ಮೇಲೆ ಅವರ ಹೆಸರುಗಳಿವೆ ಎಂದನು. ಶಿರಾಳಕೊಪ್ಪದ ಕಡೆಯ ಹುಡುಗನೊಬ್ಬ ನನ್ನ ಪಕ್ಕಕ್ಕೆ ಬಂದು, “ಗುರುಗಳೇ, ಬಳ್ಳಿಗಾವಿ ಅಂದ್ರೆ ನಮ್ಮ ಬಳ್ಳಿಗಾವೀನೇನ್ರೀ? ಮತ್ತೆ ನಾವು ಅಲ್ಲಿಗೆ ಹೋಗೇ ಇಲ್ವಲ್ರೀ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಶಿಲ್ಪಿಯ ಕೈಕೆಲಸವನ್ನು ನೋಡಲು ಹಗಲಿರುಳು ಪ್ರಯಾಣ ಮಾಡಿದ ನಾವು, ಆ ಶಿಲ್ಪಿಯ ಊರಿನ ಪಕ್ಕದಲ್ಲಿಯೇ ಹಾದು ಹೋಗಿದ್ದೆವು.

ಬಳ್ಳಿಗಾವೆ ಸಾಮಾನ್ಯ ಊರಲ್ಲ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಪಟ್ಟಣ. ಅಲ್ಲಮಪ್ರಭುವಿನ ಹುಟ್ಟೂರೆಂದು ಪರಂಪರೆ ನಂಬಿದ ನೆಲ. ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಭೇರುಂಡಸ್ತಂಭ ಇಂದಿಗೂ ಅಲ್ಲಿದೆ. 1065ರಲ್ಲಿ ರೂಪಭಟ್ಟಯ್ಯನು ಬೌದ್ಧವಿಹಾರವನ್ನು ಕಟ್ಟಿಸಿದನು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐವರಿಗೂ ಆ ಊರಿನಲ್ಲಿ ಎಡೆಯಿತ್ತು.

ಮಠದ ಆಶ್ರಯದಲ್ಲಿ ವಿದ್ಯೆ ಕಲಿಸುವ ನಾವು ವಿಶೇಷವಾಗಿ ಲಕ್ಷ್ಯವಿಡಬೇಕಾದುದು ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು. ಅದು ಕಾಳಾಮುಖ ಶೈವರ ಮಠ. 1162ರ ಶಾಸನವು ಅಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ವಿಸ್ತಾರವಾಗಿ ಹೇಳುತ್ತದೆ. ನಾಲ್ಕು ವೇದಗಳ ಅಧ್ಯಯನ. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ. ಬೌದ್ಧವನ್ನೂ ಒಳಗೊಂಡು ದರ್ಶನಗಳ ಪಾಠ. ಕಾವ್ಯ, ನಾಟಕಗಳ ಅಭ್ಯಾಸ. ಶಾಕಟಾಯನನು ಜೈನ ವೈಯಾಕರಣ. ಶೈವಮಠವೊಂದು ಅವನ ಗ್ರಂಥವನ್ನು ಆದರದಿಂದ ಪಾಠ ಹೇಳುತ್ತಿತ್ತು. ಅಷ್ಟಕ್ಕೇ ನಿಲ್ಲದೆ, ದೀನರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುತ್ತಿತ್ತು. ಅನ್ನದಾಸೋಹ, ಜ್ಞಾನದಾಸೋಹಗಳ ಮಾತನ್ನು ನಾವು ಪ್ರತಿ ವರ್ಷದ ಸಮಾರಂಭದಲ್ಲಿಯೂ ಆಡುತ್ತೇವೆ. ಎಂಟು ನೂರು ವರ್ಷಗಳಿಗೂ ಹಿಂದೆ ಇದೇ ತಾಲ್ಲೂಕಿನಲ್ಲಿ ಅದು ಆಚರಣೆಯಲ್ಲಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿಯಿರುವಾಗ, ಮಕ್ಕಳನ್ನು ಅದರ ಮುಂದೆ ನಿಲ್ಲಿಸುವುದು ನಮ್ಮ ಕರ್ತವ್ಯವಲ್ಲವೆ?

ಅಲ್ಲಿಗೆ ಸಮೀಪದಲ್ಲಿಯೇ ತಾಳಗುಂದ. ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋಗಿ, ಅವಮಾನಿತನಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದ ಮಯೂರಶರ್ಮನ ಕಥೆಯನ್ನು 5ನೆಯ ಶತಮಾನದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿ, ತಾನೇ ಕಲ್ಲಿನ ಮೇಲೆ ಬರೆದನು. ಆ ಕಂಬ ಪ್ರಣವೇಶ್ವರನ ಗುಡಿಯ ಮುಂದಿದೆ. 2013ರ ಉತ್ಖನನದಲ್ಲಿ ಅಲ್ಲಿಯೇ ದೊರೆತ ಸಿಂಹಕಟಾಂಜನ ಶಾಸನವು ಹಲ್ಮಿಡಿಗಿಂತ ಹಳೆಯದೆಂದು ಪುರಾತತ್ತ್ವಜ್ಞರು ಅಭಿಪ್ರಾಯಪಟ್ಟಿದ್ದಾರೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನದು. ಬಂದಳಿಕೆಯಲ್ಲಿ, ಗಂಡನ ತರುವಾಯ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ 10ನೆಯ ಶತಮಾನದ ಶಾಸನವಿದೆ. ನಮ್ಮ ಹೆಣ್ಣುಮಕ್ಕಳು ಝಾನ್ಸಿಯ ರಾಣಿಯ ಪಾಠವನ್ನು ಓದುತ್ತಾರೆ. ಜಕ್ಕಿಯಬ್ಬೆಯ ಹೆಸರನ್ನು ಎಷ್ಟು ಮಂದಿ ಕೇಳಿದ್ದಾರೆ?

ಸೊರಬದ ಸೀಮೆಯೂ ಹಾಗೆಯೇ. ಕುಪ್ಪಟೂರಿನ ಕೈಟಭೇಶ್ವರ, ಚಂದ್ರಗುತ್ತಿಯ ಕೋಟೆ ಮತ್ತು ರೇಣುಕಾಂಬೆಯ ಗುಹಾಲಯ, ಮಳೆಗಾಲದಲ್ಲಿ ಹಕ್ಕಿಗಳು ಗೂಡುಕಟ್ಟುವ ಗುಡವಿಯ ಕೆರೆ. ಎಲ್ಲೆಯನ್ನು ದಾಟಿದೊಡನೆ ವರದಾತೀರದ ಬನವಾಸಿ. ಗಂಧದ ಮರದಲ್ಲಿ ದೇವತೆಗಳನ್ನು ಕೆತ್ತುವ ಗುಡಿಗಾರರ ಮನೆತನಗಳು ಸೊರಬದಲ್ಲಿವೆ. ದಾಸೋಜನನ್ನು ನಾವು ಕಾಣಲಾರೆವು. ಉಳಿಯ ಸದ್ದನ್ನಾದರೂ ಮಕ್ಕಳು ಇಲ್ಲಿ ಕೇಳಬಹುದು.

“ಪಂಡಿತರೇ, ಹಾಳುಗುಡಿ ನೋಡಲು ಮಕ್ಕಳು ದುಡ್ಡು ಕೊಡುತ್ತಾರೆಯೆ?” ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಮಗು ಅರಮನೆಯ ದೀಪಾಲಂಕಾರವನ್ನೂ ನೋಡಲಿ, ಸಮುದ್ರವನ್ನೂ ನೋಡಲಿ. ದೂರವನ್ನು ಕಾಣದ ಕಣ್ಣು ಬೆಳೆಯದು. ಆದರೆ ಹತ್ತಿರದ್ದನ್ನು ಓದಲು ಕಲಿಯದ ಕಣ್ಣು ದೂರ ಹೋಗಿಯೂ ಕೇವಲ ಛಾಯಾಚಿತ್ರ ತೆಗೆದುಕೊಂಡು ಬರುತ್ತದೆ.

ಇದರಿಂದ ಆಗುವ ನಷ್ಟ ಎಷ್ಟೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಹಳ್ಳಿಯಲ್ಲಿ ರಸ್ತೆ ಅಗಲಿಸುವಾಗ ವೀರಗಲ್ಲೊಂದು ಮೋರಿಯ ಚಪ್ಪಡಿಯಾಯಿತು. ಆಳುಗಳನ್ನು ನಾನು ದೂರುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು ಅಲ್ಲಿಯೇ ನಿಂತಿದ್ದರು. ಅವರಿಗೂ ಅದು ಬರಿಯ ಕಲ್ಲಾಗಿಯೇ ಕಂಡಿತು. ಅವರಿಗೆ ನಾನು ಪಂಪನನ್ನು ಕಲಿಸಿದ್ದೆ, ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದೆ. ಅವರ ಊರ ಬಾಗಿಲ ಕಲ್ಲನ್ನು ಓದಿಸಿರಲಿಲ್ಲ. ತಪ್ಪು ನನ್ನದು.

ಆದುದರಿಂದ ನನ್ನ ಸೂಚನೆ ಇಷ್ಟು. ಎಂಟನೆಯ ತರಗತಿಯವರು ಮೊದಲು ಬಳ್ಳಿಗಾವೆ, ತಾಳಗುಂದ, ಉಡುತಡಿ, ಬಂದಳಿಕೆಗಳನ್ನು ನೋಡಲಿ. ಒಂಬತ್ತನೆಯವರು ಸೊರಬದ ಕಡೆಗೆ ಹೋಗಲಿ. ಬೇಲೂರು, ಮೈಸೂರುಗಳು ಹತ್ತನೆಯವರಿಗೆ ಇರಲಿ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ಅವುಗಳ ಪ್ರತಿಗಳು ನಮ್ಮ ಗ್ರಂಥಾಲಯದಲ್ಲಿರಲಿ. ಹೊರಡುವ ಮುನ್ನ ಕನ್ನಡದ ಅಧ್ಯಾಪಕರು ಒಂದೆರಡು ಶಾಸನಗಳನ್ನಾದರೂ ತರಗತಿಯಲ್ಲಿ ಓದಿಸಲಿ. ಕೊಠಡಿಗಳನ್ನು ಕಟ್ಟಿಸಿಕೊಟ್ಟ ದಾನಿಗಳಿಗೆ ವರ್ಷಕ್ಕೆ ಒಂದು ದಿನದ ಬಸ್ಸಿನ ಬಾಡಿಗೆ ಭಾರವಾಗದು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಯಾವ ಶಾಸನ, ಯಾವ ವೀರಗಲ್ಲು ಎಲ್ಲಿದೆಯೆಂದು ಬರೆದು ಕಳುಹಿಸಲಿ; ಆ ಪಟ್ಟಿಯನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಮಾಡೋಣ.

ದತ್ತಿಯನ್ನು ಅಳಿದವನಿಗೆ ಪಾಪ ತಟ್ಟಲೆಂದು ಶಾಸನದ ಕೊನೆಯಲ್ಲಿ ಬರೆಸುವುದು ಹಿಂದಿನವರ ರೂಢಿ. ಶಾಪಕ್ಕೆ ಅಂಜುವವರು ಇಂದು ವಿರಳ. ಇನ್ನು ಆ ಕಲ್ಲುಗಳನ್ನು ಕಾಯಬೇಕಾದವರು ಅವುಗಳನ್ನು ಓದಬಲ್ಲ ಮಕ್ಕಳೇ. ಆ ಹುಡುಗನ ಪ್ರಶ್ನೆಗೆ ಬೇಲೂರಿನಲ್ಲಿ ನಾನು ಕೊಡಲಾಗದ ಉತ್ತರವನ್ನು, ಅವನ ತಮ್ಮಂದಿರಿಗಾದರೂ ನಮ್ಮ ಶಾಲೆ ಬಳ್ಳಿಗಾವೆಯಲ್ಲಿಯೇ ಕೊಡಲೆಂದು ಹಿರಿಯರಲ್ಲಿ ನನ್ನ ವಿಜ್ಞಾಪನೆ.