ಬಾಳೆ ಪ್ಯಾರಿಸ್ಸಿಗೆ, ವಿಷ ಕೆಸುವಿನ ಗೆಡ್ಡೆಗೆ

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಮತ್ತು ಗ್ವಾಡಲೂಪ್ ದ್ವೀಪಗಳು ಫ್ರಾನ್ಸಿನ ಭಾಗಗಳೇ ಆಗಿವೆ. ಅಲ್ಲಿನ ಬಹುಪಾಲು ಜನರು ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ವಂಶಜರು. 2013-14ರ ಸಮೀಕ್ಷೆಯೊಂದರಲ್ಲಿ ಅಲ್ಲಿನ ವಯಸ್ಕರ ಪೈಕಿ ಶೇಕಡ 90ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಕ್ಲೋರ್ಡೆಕೋನ್ ಎಂಬ ಕೀಟನಾಶಕ ಪತ್ತೆಯಾಯಿತು.

ಬಾಳೆಯ ಗೆಡ್ಡೆ ಕೊರೆಯುವ ಮೂತಿಹುಳುವಿನ ಹತೋಟಿಗೆಂದು 1972ರಲ್ಲಿ ಇದಕ್ಕೆ ಪರವಾನಗಿ ದೊರೆಯಿತು. 1974ರಲ್ಲಿ ಮುಷ್ಕರ ಹೂಡಿದ ಮಾರ್ಟಿನಿಕ್‌ನ ತೋಟ ಕಾರ್ಮಿಕರು ಕೂಲಿ ಹೆಚ್ಚಳದ ಜೊತೆಗೆ ಈ ವಿಷವನ್ನು ನಿಲ್ಲಿಸಬೇಕೆಂದೂ ಕೇಳಿದ್ದರು. ಅವರಿಗೆ ಸಿಕ್ಕಿದ್ದು ಪೊಲೀಸರ ಗುಂಡು. ಮರುವರ್ಷವೇ ಅಮೆರಿಕದ ವರ್ಜೀನಿಯಾದಲ್ಲಿ ಕಾರ್ಮಿಕರು ನರದೌರ್ಬಲ್ಯಕ್ಕೆ ತುತ್ತಾದ ಕಾರಣ ಇದನ್ನು ತಯಾರಿಸುವ ಕಾರ್ಖಾನೆ ಮುಚ್ಚಿತು. ಫ್ರಾನ್ಸ್ ಪರವಾನಗಿಯನ್ನು ಹಿಂಪಡೆದದ್ದು 1990ರಲ್ಲಿ. ಆದರೆ ದ್ವೀಪಗಳ ಬಾಳೆತೋಟಗಳಿಗೆ 1993ರವರೆಗೆ ವಿನಾಯಿತಿ!

ಜನಾಂಗಭೇದಕ್ಕೆ ದ್ವೇಷದ ಮಾತು ಬೇಕಿಲ್ಲ. ಇಂತಹ ಒಂದು ವಿನಾಯಿತಿ ಸಾಕು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರಧನ ದೊರೆತದ್ದು ಮಾಲೀಕರಿಗೆ, ಬಿಡುಗಡೆಯಾದವರಿಗಲ್ಲ. ಮಾರ್ಟಿನಿಕ್‌ನಲ್ಲಿ ದೊಡ್ಡ ತೋಟಗಳು ಬಹುಮಟ್ಟಿಗೆ ಅದೇ ಬಿಳಿಯ ಮನೆತನಗಳ ಕೈಯಲ್ಲಿ ಉಳಿದವು. ಸರ್ಕಾರದ ಕಿವಿಗೆ ಬೀಳುವ ದನಿ ಯಾರದೆಂಬುದು ಅಲ್ಲಿಯೇ ನಿಶ್ಚಯವಾಗಿತ್ತು.

ಮಣ್ಣಿನ ವರ್ತನೆಯನ್ನು ಇಲ್ಲಿ ಗಮನಿಸಬೇಕು. ಎಂಡೋಸಲ್ಫಾನ್‌ನಂತೆ ಆರ್ಗನೋಕ್ಲೋರಿನ್ ಗುಂಪಿಗೆ ಸೇರಿದ ಈ ವಿಷ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಜ್ವಾಲಾಮುಖಿಜನ್ಯ ಮಣ್ಣಿನ ಸಾವಯವ ಅಂಶಕ್ಕೆ ಅಂಟಿ ದಶಕಗಳು, ಕೆಲವೆಡೆ ಶತಮಾನಗಳವರೆಗೂ ಉಳಿಯಬಲ್ಲದು. ನೆಲದಿಂದ ಎತ್ತರದಲ್ಲಿ ತೂಗುವ ಬಾಳೆಗೊನೆಗೆ ಅದು ಹೆಚ್ಚಾಗಿ ಏರುವುದಿಲ್ಲ. ಮಣ್ಣಿನೊಳಗೇ ಬೆಳೆಯುವ ಕೆಸು, ಗೆಣಸುಗಳಿಗೆ ಸೇರುತ್ತದೆ. ಹಳ್ಳಕ್ಕೆ ಹರಿದು ಮೀನಿಗೂ ಸೇರುತ್ತದೆ. ಹೀಗೆ ಯುರೋಪಿಗೆ ಹೋದ ಹಣ್ಣು ಬಹುಪಾಲು ಶುದ್ಧ. ಬೆಳೆದವರ ಅಡುಗೆಮನೆ ಕಲುಷಿತ.

ಪ್ರಾಸ್ಟೇಟ್ ಕ್ಯಾನ್ಸರ್ ಈ ದ್ವೀಪಗಳಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚೆನ್ನಬಹುದಾದ ಪ್ರಮಾಣದಲ್ಲಿದೆ. ಆಫ್ರಿಕನ್ ಮೂಲದ ಗಂಡಸರಲ್ಲಿ ಅದು ಸಹಜವೆಂಬ ವಾದವುಂಟು. ವಂಶವಾಹಿಯ ಪಾತ್ರವನ್ನು ಅಲ್ಲಗಳೆಯಲಾಗದು. ಆದರೆ ಗ್ವಾಡಲೂಪ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ, ರಕ್ತದಲ್ಲಿ ಕ್ಲೋರ್ಡೆಕೋನ್ ಹೆಚ್ಚಿದ್ದವರಲ್ಲಿ ಈ ರೋಗದ ಅಪಾಯವೂ ಹೆಚ್ಚೆಂದು ತೋರಿಸಿತು. ಚರ್ಮದ ಬಣ್ಣವನ್ನೇ ಕಾರಣವೆಂದು ಬರೆದುಕೊಳ್ಳುವ ವೈದ್ಯಶಾಸ್ತ್ರ, ಆ ಬಣ್ಣದವರನ್ನು ಯಾವ ನೆಲದಲ್ಲಿ ದುಡಿಸಲಾಯಿತೆಂದು ಕೇಳದೆ ಹೋದರೆ ಅದು ಅರ್ಧ ವಿಜ್ಞಾನ ಮಾತ್ರ.

2021ರಲ್ಲಿ ಫ್ರಾನ್ಸ್ ಕೀಟನಾಶಕಗಳಿಗೆ ಒಡ್ಡಿಕೊಂಡ ಕೃಷಿ ಕಾರ್ಮಿಕರ ಪ್ರಾಸ್ಟೇಟ್ ಕ್ಯಾನ್ಸರನ್ನು ವೃತ್ತಿರೋಗವೆಂದು ಒಪ್ಪಿತು. 2023ರ ಜನವರಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಧೀಶರು ಇದೊಂದು ಆರೋಗ್ಯ ಹಗರಣವೆಂದು ಹೇಳುತ್ತಲೇ, ಕಾಲ ಬಹಳ ಕಳೆದು ಪುರಾವೆ ಕಷ್ಟವೆಂದು ಯಾರ ಮೇಲೂ ಆರೋಪ ಹೊರಿಸದೆ ಕ್ರಿಮಿನಲ್ ತನಿಖೆಯನ್ನು ಮುಕ್ತಾಯಗೊಳಿಸಿದರು. ಕಲುಷಿತ ಪ್ರದೇಶಗಳ ಕುಟುಂಬಗಳಿಗೆ ದೊರೆತ ಅಧಿಕೃತ ಸಲಹೆಯೆಂದರೆ, ಹಿತ್ತಲಿನ ಗೆಡ್ಡೆಗಳನ್ನು ವಾರಕ್ಕೆ ಎರಡು ಬಾರಿಗಿಂತ ಹೆಚ್ಚು ತಿನ್ನಬಾರದು.